ಗಾಳಿ ವಿದ್ಯುತ್‌ಗೆ ಪಂಚಾಯ್ತಿ ಎನ್‌ಒಸಿ: ಸಹಿಗೆ ಮುಂಚೆ ಏನು ಕೇಳಬೇಕು, ಊರಿಗೆ ಬರೋ ದುಡ್ಡಿಗೆ ಲೆಕ್ಕ ಕೊಡೋರು ಯಾರು?

ಬ್ಯಾಣದಂಚು
ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಕಾಣೋ ಗಾಳಿಯಂತ್ರದ ಮಾತು ಈಗ ನಮ್ಮ ಮಲೆನಾಡಿನ ಅಂಚಿನ ಊರುಗಳಲ್ಲೂ ಆಗಾಗ ಏಳ್ತಿದೆ. ಇಂಥ ಯೋಜನೆ ಬರೋ ಕ್ರಮ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಮೊದಲು ಗುಡ್ಡದ ನೆತ್ತಿಯಲ್ಲಿ ಗಾಳಿ ಅಳೆಯೋ ಕಂಬ ನಿಲ್ಲುತ್ತೆ. ಆಮೇಲೆ ಮಧ್ಯವರ್ತಿಗಳು ಪಹಣಿ ಹಿಡ್ಕೊಂಡು ಮನೆಮನೆಗೆ ಬರ್ತಾರೆ. ಕೊನೆಗೆ ಪಂಚಾಯ್ತಿಗೆ ಒಂದು ಅರ್ಜಿ: ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಕೊಡಿ, ಸಿಎಸ್‌ಆರ್‌ನಲ್ಲಿ (ಕಂಪನಿಗಳು ಸಮಾಜದ ಕೆಲಸಕ್ಕೆ ಇಡೋ ಹಣದಲ್ಲಿ) ಶಾಲೆಗೆ ಕೊಠಡಿ, ಊರಿಗೆ ರಸ್ತೆ, ದೇವಸ್ಥಾನದ ಜೀರ್ಣೋದ್ಧಾರ ಎಲ್ಲ ಮಾಡಿಸಿಕೊಡ್ತೀವಿ ಅಂತ.

ಕೇಳಬೇಕಾಗಿರೋದು ಮೂರು ವಿಷಯ. ಯಂತ್ರ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡೋರು ಯಾರು, ಅದರಲ್ಲಿ ಊರಿನ ಮಾತಿಗೆ ಎಷ್ಟು ಬೆಲೆ? ಕೊಡ್ತೀವಿ ಅಂದ ದುಡ್ಡಿಗೆ ಕಾನೂನಿನ ಬಲ ಇದೆಯಾ? ಕೊಟ್ಟ ಮೇಲೆ ಅದು ಎಲ್ಲಿ ಖರ್ಚಾಯ್ತು ಅಂತ ನೋಡೋ ದಾರಿ ಯಾವುದು? ಪರ, ವಿರೋಧ ಎರಡೂ ಬರಲಿ. ಆದರೆ ಕಾಗದದ ಆಧಾರದ ಮೇಲೆ ಮಾತಾಡೋಣ.

ಹಿನ್ನೀರು
ಡಿಸಿ ಅಧ್ಯಕ್ಷತೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ಆಗ್ಲೇಬೇಕಲ್ಲ ಮಾರಾಯ್ರೆ. ಅಲ್ಲೇ ಎಲ್ಲ ಆಕ್ಷೇಪಣೆ ಬರೆಸಿ.

ಕಾನು_ಬೆಟ್ಟ
ಆಗೋದಿಲ್ಲ ಹಿನ್ನೀರು ಅವರೇ, ಅಸಲು ತೊಂದರೆ ಇರೋದೇ ಅಲ್ಲಿ. ಅಹವಾಲು ಸಭೆ ಬರೋದು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಿಂದ. ಅದರ ಅನುಸೂಚಿಯಲ್ಲಿ ಗಣಿ ಇದೆ, ಅಣೆಕಟ್ಟು ಇದೆ, ಉಷ್ಣ ವಿದ್ಯುತ್ ಇದೆ, ಪವನ ವಿದ್ಯುತ್ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನ ಬಿಳಿ ವರ್ಗಕ್ಕೆ ಸೇರಿಸಿತು. ಅಂದರೆ ಮಂಡಳಿಯ ಸಮ್ಮತಿ ಪತ್ರವೂ ಬೇಡ, ತಿಳಿಸಿದರೆ ಸಾಕು. ಪಶ್ಚಿಮ ಘಟ್ಟದ ಬಗ್ಗೆ ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟಾಗ ಪವನ ವಿದ್ಯುತ್ತನ್ನೂ ಈ ಅಧಿಸೂಚನೆ ಅಡಿ ತನ್ನಿ ಅಂತ ಹೇಳಿತ್ತು. ಆ ವರದಿ ಅಂದ್ರೆ ನಮ್ಮಲ್ಲಿ ಪರ-ವಿರೋಧದ ಗಲಾಟೆ ಮಾತ್ರ ನೆನಪಿರೋದು, ಈ ಸಾಲನ್ನ ಯಾರೂ ಎತ್ತಿ ಹೇಳಲ್ಲ.

ಹಾಗಾಗಿ ಖಾಸಗಿ ಜಮೀನಿನಲ್ಲಿ ಯಂತ್ರ ನಿಲ್ಲಿಸಿದ್ರೆ ಕಾನೂನು ಪ್ರಕಾರ ಊರಿನ ಮಾತು ಕೇಳೋ ಜಾಗ ಪಂಚಾಯ್ತಿ ಒಂದೇ. ಅರಣ್ಯ ಜಮೀನು ಒಂದು ಗುಂಟೆ ಬಂದ್ರೂ ಲೆಕ್ಕ ಬೇರೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಮೊದಲ ಹಂತ, ಎರಡನೇ ಹಂತದ ಒಪ್ಪಿಗೆ ಬೇಕು. ಅರ್ಜಿ, ನಕ್ಷೆ, ಡಿಸಿಎಫ್ (ಅರಣ್ಯ ಇಲಾಖೆಯ ಉಪ ಸಂರಕ್ಷಣಾಧಿಕಾರಿ) ಸ್ಥಳ ತನಿಖಾ ವರದಿ ಎಲ್ಲ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣಕ್ಕೆ ಏರುತ್ತೆ. ಜಿಲ್ಲೆ ಹೆಸರು ಹಾಕಿ ಹುಡುಕಿ. ಯಂತ್ರದ ಜಾಗ ಖಾಸಗಿ ಇದ್ದು, ರಸ್ತೆ ಮತ್ತು ತಂತಿ ಮಾತ್ರ ಕಾಡಲ್ಲಿ ಹೋಗ್ತಿದ್ರೂ ಈ ಒಪ್ಪಿಗೆ ಬೇಕೇ ಬೇಕು. ತಪ್ಪಿಸ್ಕೊಳ್ಳೋ ಪ್ರಯತ್ನ ಆಗೋದು ಇಲ್ಲೇ: ಯಂತ್ರದ ಸರ್ವೆ ನಂಬರ್ ಮಾತ್ರ ತೋರಿಸ್ತಾರೆ, ದಾರಿಯ ಸರ್ವೆ ನಂಬರ್ ತೋರಿಸಲ್ಲ.

ಗಾಳಿಗುಡ್ಡ
ಒಂದು ಮಾತು ಹೇಳಿಬಿಡ್ತೀನಿ. ಎಲ್ಲದಕ್ಕೂ ಬೇಡ ಅಂದ್ರೆ ಕರೆಂಟ್ ಎಲ್ಲಿಂದ ಬರಬೇಕು? ನಮ್ಮಲ್ಲಿ ಗಾಳಿ ಜೋರಾಗಿ ಬೀಸೋದು ಮುಂಗಾರಿನಲ್ಲಿ, ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಆಗ ಗಾಳಿ ವಿದ್ಯುತ್ ಸಿಕ್ಕರೆ ಲಿಂಗನಮಕ್ಕಿ ನೀರನ್ನ ಬೇಸಿಗೆಗೆ ಉಳಿಸಬಹುದು. ಕಲ್ಲಿದ್ದಲು ಸುಡೋದೂ ಕಡಿಮೆ. ಒಂದು ಯಂತ್ರಕ್ಕೆ ಕಾಯಂ ಬೇಕಾಗೋ ಜಾಗ ಎರಡು ಮೂರು ಎಕರೆ, ಸುತ್ತ ದನ ಮೇಯಬಹುದು. ಅಣೆಕಟ್ಟಿಗೆ ಮುಳುಗಿದ್ದರ ಜೊತೆ ಇದನ್ನ ಹೋಲಿಸೋಕೇ ಆಗಲ್ಲ.

ಅಬ್ಬಿನೀರು
ಬಯಲುಸೀಮೆಗೆ ಈ ಲೆಕ್ಕ ಸರಿ ಕಣ್ರಿ. ಮಲೆನಾಡಲ್ಲಿ ಯಂತ್ರಕ್ಕಿಂತ ಅದರ ದಾರಿ ದೊಡ್ಡ ವಿಷಯ. ಈಗಿನ 3 ಮೆಗಾವ್ಯಾಟ್ ಯಂತ್ರದ ಒಂದು ರೆಕ್ಕೆಯೇ 60-70 ಮೀಟರ್ ಉದ್ದ. ಅದು ಮಡಚೋ ಸಾಮಾನಲ್ಲ. ಅಷ್ಟುದ್ದದ ಟ್ರೇಲರ್ ತಿರುಗೋಕೆ ಘಟ್ಟದ ಪ್ರತಿ ತಿರುವಲ್ಲೂ ಒಳಮಗ್ಗುಲಿನ ಧರೆ ಕಡೀಬೇಕು, ಹೊರಮಗ್ಗುಲಿಗೆ ಮಣ್ಣು ತುಂಬಬೇಕು. ಯಂತ್ರದ ಬುಡದಲ್ಲಿ ದೊಡ್ಡ ಕ್ರೇನ್ ನಿಲ್ಲೋಕೆ ಸಪಾಟು ಅಂಗಳ. ತಳಪಾಯ ಸುಮಾರು 20 ಮೀಟರ್ ಅಗಲದ ಗುಂಡಿ, 400ರಿಂದ 600 ಘನ ಮೀಟರ್ ಕಾಂಕ್ರೀಟ್.

ಕಡಿದ ಮಣ್ಣು ಎಲ್ಲಿ ಹೋಗುತ್ತೆ? ಇಳಿಜಾರಿಗೆ ತಳ್ತಾರೆ. ಮೊದಲ ಮಳೆಗಾಲಕ್ಕೆ ಅದು ಹಳ್ಳಕ್ಕೆ, ಹಳ್ಳದಿಂದ ತೋಟದ ಬಸಿಗಾಲುವೆಗೆ. ಬಸಿಗಾಲುವೆ ಹೂತರೆ ಅಡಿಕೆ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತೆ. ಜಂಬಿಟ್ಟಿಗೆ ಪದರ ಕಡಿದ ಕಡೆ ಅಬ್ಬಿ ನೀರಿನ ಸೆಲೆಯೇ ದಿಕ್ಕು ತಪ್ಪಬಹುದು. ಆ ಸೆಲೆ ನಂಬ್ಕೊಂಡು ಕೆಳಗೆ ಎಷ್ಟು ಮನೆ ಇದೆ ಅಂತ ಯಾವ ಕಂದಾಯ ನಕ್ಷೆಯಲ್ಲೂ ಇರಲ್ಲ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಮಳೆ. ಅಷ್ಟಿಲ್ಲದ ಕಡೆಯೂ ಕಡಿದ ಧರೆ ಒಂದು ಜುಲೈ ತಡೆಯಲ್ಲ.

ಪಂಚಾಯ್ತಿ ಕೇಳಬೇಕಾದ ಮೊದಲ ಕಾಗದ: ರಸ್ತೆಯ ಉದ್ದ, ಅಗಲ, ಎಷ್ಟು ಘನ ಮೀಟರ್ ಮಣ್ಣು ತೆಗೀತಾರೆ, ಎಲ್ಲಿ ಹಾಕ್ತಾರೆ, ಎಷ್ಟು ಮೋರಿ, ಚರಂಡಿ ನೀರು ಯಾವ ಹಳ್ಳಕ್ಕೆ. ಎರಡನೇದು: ಗುಡ್ಡದ ಕೆಳಗಿನ ಎಲ್ಲ ಅಬ್ಬಿ, ಬಾವಿ, ಕೆರೆಗಳ ಪಟ್ಟಿ, ಕೆಲಸ ಶುರುವಾಗೋ ಮುಂಚೆ ಬೇಸಿಗೆಯಲ್ಲಿ ಅಳೆದ ನೀರಿನ ಪ್ರಮಾಣದ ಸಮೇತ. ಒಂದು ಕೊಡಪಾನ ತುಂಬೋಕೆ ಎಷ್ಟು ಸೆಕೆಂಡ್ ಅಂತ ಬರೆದ್ರೂ ಸಾಕು, ಮೇಲೆ ದಿನಾಂಕ, ಫೋಟೋ, ಪಿಡಿಒ ಸಹಿ. ಇದಿಲ್ಲದೆ ನಾಳೆ ನೀರು ಕಡಿಮೆಯಾಯ್ತು ಅಂದ್ರೆ ಮಳೆ ಕಡಿಮೆ ಅಂತಾರೆ, ಅಲ್ಲಿಗೆ ಮುಗೀತು.

ಗಾಳಿಗುಡ್ಡ
ರಸ್ತೆ ವಿಷಯ ಒಪ್ತೀನಿ. ಆದರೆ ಅದು ಎಂಜಿನಿಯರಿಂಗ್ ಸಮಸ್ಯೆ, ಷರತ್ತು ಹಾಕಿ ಮಾಡಿಸಬಹುದು.

ಅಬ್ಬಿನೀರು
ಷರತ್ತು ಹಾಕಬೇಕು ಅಂತಲೇ ನಾನೂ ಹೇಳ್ತಿರೋದು. ಹಾಕೋರು ಯಾರು, ಮುರಿದಾಗ ಕೆಲಸ ನಿಲ್ಲಿಸೋರು ಯಾರು ಅನ್ನೋದೇ ಪ್ರಶ್ನೆ.

ಪಹಣಿ_ಪುಟ
ಅಂತರದ ವಿಷಯ ಹೇಳ್ತೀನಿ, ಇದು ಬಾಯಿಮಾತಲ್ಲ. ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯದ 2016ರ ಅಕ್ಟೋಬರ್ ಮಾರ್ಗಸೂಚಿಯಲ್ಲಿ ಎರಡು ಲೆಕ್ಕ ಇದೆ. ವಾಸದ ಮನೆಯಿಂದ ಕನಿಷ್ಠ 500 ಮೀಟರ್, ಶಬ್ದದ ಕಾರಣಕ್ಕೆ. ಸಾರ್ವಜನಿಕ ರಸ್ತೆ, ಕಟ್ಟಡ, ಹೈಟೆನ್ಷನ್ ಲೈನ್‌ನಿಂದ: ಗೋಪುರದ ಎತ್ತರ, ಅದಕ್ಕೆ ರೆಕ್ಕೆ ಸುತ್ತೋ ವೃತ್ತದ ವ್ಯಾಸದ ಅರ್ಧ, ಅದಕ್ಕೆ 5 ಮೀಟರ್ ಸೇರಿಸಿ. 140 ಮೀಟರ್ ಗೋಪುರ, 150 ಮೀಟರ್ ವ್ಯಾಸ ಅಂದ್ರೆ 140+75+5, ಅಂದರೆ 220 ಮೀಟರ್.

ಈಗ ಮಲೆನಾಡಿಗೆ ಹಾಕಿ ನೋಡಿ. ಬಯಲುಸೀಮೆ ಥರ ಊರು ಒಂದೇ ಕಡೆ ಗುಂಪಾಗಿ ಇರಲ್ಲ, ಗುಡ್ಡಕ್ಕೊಂದು ಒಂಟಿ ಮನೆ. ಒಂದು ಮನೆ ಸುತ್ತ 500 ಮೀಟರ್ ವೃತ್ತ ಎಳೆದ್ರೆ ಸುಮಾರು 194 ಎಕರೆ ಆ ಒಂದು ಮನೆಗೇ ಹೋಯ್ತು. ನಿಯಮ ಸರಿಯಾಗಿ ಪಾಲಿಸಿದ್ರೆ ಎಷ್ಟೋ ಗುಡ್ಡದಲ್ಲಿ ಯಂತ್ರಕ್ಕೆ ಜಾಗವೇ ಉಳಿಯಲ್ಲ. ಹಾಗಾಗಿ ನಕ್ಷೆಯಲ್ಲಿ ಮನೆಗಳು ಕಾಣೆಯಾಗೋ ಸಂಭವ ಇದೆ, ಅದರಲ್ಲೂ ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮಕ್ಕೆ 94ಸಿ ಅರ್ಜಿ ಹಾಕ್ಕೊಂಡು ಹಕ್ಕುಪತ್ರಕ್ಕೆ ಕಾಯ್ತಿರೋ ಮನೆಗಳು. ಹಕ್ಕುಪತ್ರ ಇಲ್ಲ ಅಂದ್ರೆ ದಾಖಲೆಯಲ್ಲಿ ಅದು ಸರ್ಕಾರಿ ಜಮೀನು ಅಷ್ಟೇ. ಆದರೆ ಮಾರ್ಗಸೂಚಿ ಹೇಳೋದು ವಾಸದ ಮನೆ ಅಂತ, ಹಕ್ಕುಪತ್ರ ಇರೋ ಮನೆ ಅಂತಲ್ಲ. ಕರೆಂಟ್ ಬಿಲ್, ರೇಷನ್ ಕಾರ್ಡ್, ಪಂಚಾಯ್ತಿ ತೆರಿಗೆ ರಸೀದಿ ಇಟ್ಟು ಪಟ್ಟಿ ಮಾಡಿ ಠರಾವಿಗೆ ಲಗತ್ತಿಸಿ.

ಮೊಬೈಲಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡು ಯಂತ್ರ ಬರುತ್ತೆ ಅನ್ನೋ ಜಾಗದಲ್ಲಿ ನಿಂತ್ರೆ ಸರ್ವೆ ನಂಬರ್ ಬರುತ್ತೆ. ಆ ನಂಬರಿನ ಪಹಣಿ ‘ಭೂಮಿ’ ಜಾಲತಾಣದಲ್ಲಿ ತೆಗೀರಿ. 9ನೇ ಕಾಲಂ ಯಾರ ಹೆಸರು, 11ರಲ್ಲಿ ಯಾವ ಹಕ್ಕು, ಋಣ ಅಂತ ನೋಡಿ. ಸೊಪ್ಪಿನಬೆಟ್ಟ, ಕಾನು ಅಂತ ಇದ್ರೆ ಕಾನು_ಬೆಟ್ಟ ಅವರು ಹೇಳಿದ ಅರಣ್ಯ ಒಪ್ಪಿಗೆಯ ದಾರಿ ಹಿಡೀರಿ.

ಸೋಗೆ_ಮನೆ
ಗುಡ್ಡದ ಮೇಲೆ ಅಷ್ಟು ಕರೆಂಟ್ ಹುಟ್ಟಿದ್ರೆ ಕೆಳಗಿನ ಊರಿಗಾದ್ರೂ ಮಳೆಗಾಲದಲ್ಲಿ ಕರೆಂಟ್ ಹೋಗದೆ ಇರುತ್ತಾ? ಊರಲ್ಲಿ ಎಲ್ರೂ ಕೇಳೋದು ಇದೊಂದೇ.

ಗಾಳಿಗುಡ್ಡ
ಇಲ್ಲ ಅಕ್ಕಾ. ಯಂತ್ರದಿಂದ 33 ಕೆವಿ ಲೈನಲ್ಲಿ ಅವರ ಪೂಲಿಂಗ್ ಸ್ಟೇಷನ್‌ಗೆ ಹೋಗಿ ಅಲ್ಲಿಂದ ದೊಡ್ಡ ಜಾಲಕ್ಕೆ ಸೇರುತ್ತೆ. ನಿಮ್ಮ ಮನೆಗೆ ಬರೋದು ಮೆಸ್ಕಾಂ 11 ಕೆವಿ ಫೀಡರ್. ಮಳೆಗಾಲದಲ್ಲಿ ಅದು ಹೋಗೋದು ಮರ ಬಿದ್ದು, ಇನ್ಸುಲೇಟರ್ ಸೀಳಿ. ಯಂತ್ರ ಬಂದ್ರೂ ಅದೇ ತಂತಿ, ಅದೇ ಮರ. ಕರೆಂಟ್ ಕೊಡ್ತೀವಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಫೀಡರ್‌ಗೆ ಕವರ್ಡ್ ಕಂಡಕ್ಟರ್ (ಹೊದಿಕೆ ಇರೋ ತಂತಿ) ಹಾಕಿಸಿಕೊಡಿ ಅಂತ ಕೇಳಿದ್ರೆ ಅದು ಉಪಯೋಗದ ಬೇಡಿಕೆ.

ಲೆಕ್ಕಪತ್ರ
ಸಿಎಸ್‌ಆರ್ ಅನ್ನೋ ಮೂರಕ್ಷರದ ಮೇಲೆ ಎಷ್ಟು ಠರಾವು ಪಾಸಾಗಿದೆಯೋ. ಅದರ ಒಳಗೆ ಏನಿದೆ ಅಂತ ನೋಡೋಣ.

2013ರ ಕಂಪನಿ ಕಾಯ್ದೆ 135ನೇ ಪ್ರಕರಣ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ, ಇದರಲ್ಲಿ ಒಂದಾದ್ರೂ ಮುಟ್ಟಿದ ಕಂಪನಿ ಮಾತ್ರ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಗಾಳಿ ಯೋಜನೆ ಸಾಮಾನ್ಯವಾಗಿ ನಡೆಯೋದು ಪ್ರತಿ ಯೋಜನೆಗೂ ಒಂದೊಂದು ಹೊಸ ಕಂಪನಿ ಮಾಡಿ. ನಿಮ್ಮ ಪಂಚಾಯ್ತಿಗೆ ಅರ್ಜಿ ಕೊಟ್ಟಿರೋದು ಆ ಮರಿ ಕಂಪನಿ. ಅದರ ಮೇಲೆ ಸಾಲದ ಬಡ್ಡಿ, ಯಂತ್ರದ ಸವಕಳಿ ಎಲ್ಲ ಕೂತು ಮೊದಲ ಕೆಲವು ವರ್ಷ ಪುಸ್ತಕದಲ್ಲಿ ಲಾಭವೇ ಕಾಣದಿರಬಹುದು. ಲಾಭ ಸೊನ್ನೆ ಅಂದ್ರೆ ಅದರ 2% ಕೂಡ ಸೊನ್ನೆ. ಕಾನೂನು ಮುರಿದ ಹಾಗೂ ಆಗಲ್ಲ.

ಲಾಭ ಇದ್ರೂ ನಿಮ್ಮೂರಿಗೇ ಕೊಡಬೇಕು ಅಂತಿಲ್ಲ. ಕಾರ್ಯಕ್ಷೇತ್ರದ ಸುತ್ತಮುತ್ತಲಿಗೆ ಆದ್ಯತೆ ಅಂತ ಕಾಯ್ದೆಯಲ್ಲಿದೆ, ಆದರೆ ಅದು ಸೂಚನೆ, ಕಡ್ಡಾಯ ಅಲ್ಲ ಅಂತ ಕಂಪನಿ ವ್ಯವಹಾರ ಸಚಿವಾಲಯವೇ ಸ್ಪಷ್ಟ ಮಾಡಿದೆ.

ಇನ್ನು ಯಾವುದು ಸಿಎಸ್‌ಆರ್ ಅಲ್ಲ ಅಂತಲೂ ತಿಳ್ಕೊಳ್ಳಿ. ರೆಕ್ಕೆ ಸಾಗಿಸೋಕೆ ಅವರೇ ಮಾಡ್ಕೊಳ್ಳೋ ರಸ್ತೆ ವ್ಯಾಪಾರದ ಖರ್ಚು, ‘ಊರಿಗೆ ರಸ್ತೆ’ ಅಂತ ಅದನ್ನ ತೋರಿಸೋ ಹಾಗಿಲ್ಲ. ಬೇರೆ ಕಾನೂನು ಪ್ರಕಾರ ಮಾಡಲೇಬೇಕಾದ ಕೆಲಸವನ್ನೂ, ಅಂದರೆ ಅರಣ್ಯ ಇಲಾಖೆ ಷರತ್ತಿನ ಗಿಡ ನೆಡೋದನ್ನೂ ಇದಕ್ಕೆ ಸೇರಿಸೋ ಹಾಗಿಲ್ಲ. ದೇವಸ್ಥಾನದ ಜೀರ್ಣೋದ್ಧಾರ 7ನೇ ಅನುಸೂಚಿಯಲ್ಲಿಲ್ಲ. ಪಾರಂಪರಿಕ ಕಟ್ಟಡದ ಸಂರಕ್ಷಣೆ ಇದೆ, ಆದರೆ ಊರಿನ ಗುಡಿಗೆ ಹೆಂಚು ಹೊದಿಸೋದು ಅದರಡಿ ಬರಲ್ಲ. ಅದನ್ನ ಮಾಡಿಸಿಕೊಡ್ತೀವಿ ಅಂದ್ರೆ ಯಾವ ಖಾತೆಯಿಂದ ಅಂತ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

ಬ್ಯಾಣದಂಚು
ಹಾಗಾದ್ರೆ ಸಿಎಸ್‌ಆರ್ ಭರವಸೆ ಇಟ್ಕೊಂಡು ಠರಾವು ಮಾಡೋದೇ ತಪ್ಪಾ?

ಲೆಕ್ಕಪತ್ರ
ಅದರ ಮೇಲೆ ಮಾತ್ರ ನಿಂತು ಮಾಡೋದು ತಪ್ಪು. ಭರವಸೆ ಕೊಟ್ಟವರಿಗೆ ಈ ಪ್ರಶ್ನೆ ಹಾಕಿ: ಹಣ ಕೊಡೋ ಕಂಪನಿ ಯಾವುದು, ಅದರ ಸಿಐಎನ್ (ಕಂಪನಿ ನೋಂದಣಿ) ನಂಬರ್ ಏನು? ಆ ಕಂಪನಿಗೆ 135 ಅನ್ವಯ ಆಗುತ್ತಾ? ಈ ಕೆಲಸ ಅವರ ಮಂಡಳಿ ಒಪ್ಪಿದ ವಾರ್ಷಿಕ ಕ್ರಿಯಾ ಯೋಜನೆಯಲ್ಲಿದೆಯಾ? ಬೇರೆ ಸಂಸ್ಥೆ ಮೂಲಕ ಮಾಡಿಸೋದಾದ್ರೆ ಆ ಸಂಸ್ಥೆಯ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಏನು? 2021ರ ಏಪ್ರಿಲ್‌ನಿಂದ ಅದು ಕಡ್ಡಾಯ. ಮಂಡಳಿ ಒಪ್ಪಿದ ಯೋಜನೆಗಳನ್ನ ಕಂಪನಿ ತನ್ನ ಜಾಲತಾಣದಲ್ಲಿ ಹಾಕಬೇಕು ಅನ್ನೋ ನಿಯಮವೂ ಇದೆ, ಜಾಲತಾಣ ಇದ್ದರೆ.

ಹಲವು ವರ್ಷದ ಯೋಜನೆ ಅಂತ ಘೋಷಿಸಿ ಹಣ ಉಳಿಸ್ಕೊಂಡ್ರೆ ಹಣಕಾಸು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮೂರು ವರ್ಷದಲ್ಲಿ ಖರ್ಚು ಮಾಡಬೇಕು. ‘ಮುಂದಿನ ವರ್ಷ ನೋಡೋಣ’ ಅಂದಾಗ ಆ ಖಾತೆಗೆ ಹಾಕಿದ್ದೀರಾ ಅಂತ ಕೇಳಿ.

ತುಂಗೆ_ದಡ
ಇಲ್ಲಿ ಮೂಲದ ಕೊರತೆ ಬೇರೆ ಇದೆ. ಗಣಿ ಇರೋ ಜಿಲ್ಲೆಗೆ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ 2015ರಿಂದ ಕಾನೂನೇ ಇದೆ. ರಾಜಧನದ ಮೇಲೆ ಹಳೇ ಗುತ್ತಿಗೆಗೆ 30%, ಹರಾಜಿನ ಗುತ್ತಿಗೆಗೆ 10% ಕಟ್ಟಬೇಕು, ಕಂಪನಿ ಮನಸ್ಸಿಗೆ ಬಿಟ್ಟದ್ದಲ್ಲ. ಜಲವಿದ್ಯುತ್‌ಗೆ 2008ರ ಕೇಂದ್ರ ನೀತಿಯಲ್ಲಿ ರಾಜ್ಯಕ್ಕೆ 12% ಉಚಿತ ವಿದ್ಯುತ್, ಮೇಲೆ 1% ಸ್ಥಳೀಯ ಅಭಿವೃದ್ಧಿ ನಿಧಿಗೆ. ಗಾಳಿಗೆ ಇಂಥದ್ದು ಏನೂ ಇಲ್ಲ.

ಸ್ಕಾಟ್ಲೆಂಡಿನಲ್ಲಿ ಸರ್ಕಾರದ ಮಾರ್ಗಸೂಚಿ ಪ್ರಕಾರ ಪ್ರತಿ ಮೆಗಾವ್ಯಾಟ್‌ಗೆ ವರ್ಷಕ್ಕೆ 5,000 ಪೌಂಡ್, ಬೆಲೆ ಏರಿಕೆಗೆ ತಕ್ಕ ಹಾಗೆ ಹೆಚ್ಚಿಸ್ತಾ, ಅಕ್ಕಪಕ್ಕದ ಸಮುದಾಯಕ್ಕೆ ಕೊಡೋ ಪದ್ಧತಿ ಇದೆ. ಅಲ್ಲೂ ಅದು ಕಡ್ಡಾಯವಲ್ಲ, ಆದರೆ ಮೊತ್ತ ಎಲ್ರಿಗೂ ಗೊತ್ತಿರೋದ್ರಿಂದ ಕಡಿಮೆ ಕೊಟ್ಟವರು ಕಾಣಿಸ್ತಾರೆ. 50 ಮೆಗಾವ್ಯಾಟ್ ದಾಟಿದ್ರೆ ತೀರ್ಮಾನ ಅಲ್ಲಿನ ಸಚಿವರದ್ದು. ಸ್ಥಳೀಯ ಯೋಜನಾ ಪ್ರಾಧಿಕಾರ ಆಕ್ಷೇಪಿಸಿದ್ರೆ ಸಾರ್ವಜನಿಕ ವಿಚಾರಣೆ ನಡೆಸೋ ನಿಯಮ ಬಹುಕಾಲ ಇತ್ತು. ಆದರೂ ಅಲ್ಲಿ ಜನರ ದೂರು ಇಲ್ಲಿನಂಥದ್ದೇ: ಯೋಜನೆ ಒಪ್ಪಿಗೆಗೂ ಊರಿಗೆ ಕೊಡೋ ಹಣಕ್ಕೂ ಸಂಬಂಧ ಇರಬಾರದು ಅಂತ ನಿಯಮ, ಜನರ ಕಣ್ಣಿಗೆ ಎರಡೂ ಒಟ್ಟಿಗೇ ಕಾಣುತ್ತೆ.

ಗಾಳಿಗುಡ್ಡ
ಆ 5,000 ಪೌಂಡ್ ಇವತ್ತಿನ ದರದಲ್ಲಿ 5 ಲಕ್ಷ ದಾಟುತ್ತೆ. ಇಲ್ಲಿ ಅದು ಸಾಧ್ಯವಾ ಲೆಕ್ಕ ಹಾಕಿ. 1 ಮೆಗಾವ್ಯಾಟ್, ವರ್ಷದ 8,760 ಗಂಟೆ, 30% ಉತ್ಪಾದನೆ ಅಂದ್ರೆ 26.28 ಲಕ್ಷ ಯುನಿಟ್. ಯುನಿಟ್ಟಿಗೆ 3 ರೂಪಾಯಿ ಹಿಡಿದ್ರೆ ಸುಮಾರು 79 ಲಕ್ಷ ವಹಿವಾಟು. ಅದರಲ್ಲಿ ಸಾಲ, ನಿರ್ವಹಣೆ, ಬಾಡಿಗೆ. ಇದರಲ್ಲಿ 5 ಲಕ್ಷ ಕೊಡಿ ಅಂದ್ರೆ ಯೋಜನೆಯೇ ಬರಲ್ಲ.

ತುಂಗೆ_ದಡ
5 ಲಕ್ಷ ಬೇಡ ಸಾರ್. ಜಲವಿದ್ಯುತ್ತಿಗೆ ಇರೋ ಹಾಗೆ 1% ಸಾಕು. ನಿಮ್ಮದೇ ಲೆಕ್ಕದಲ್ಲಿ ಮೆಗಾವ್ಯಾಟ್‌ಗೆ 79 ಸಾವಿರ, 50 ಮೆಗಾವ್ಯಾಟ್ ಯೋಜನೆಗೆ ವರ್ಷಕ್ಕೆ 39 ಲಕ್ಷ. 25 ವರ್ಷ ಖಾತ್ರಿ ಬಂದ್ರೆ ಒಂದು ಸಣ್ಣ ಪಂಚಾಯ್ತಿಗೆ ಅದು ದೊಡ್ಡ ಮೊತ್ತ. ಲಾಭದ ಮೇಲೆ ಕೇಳಬೇಡಿ, ವಹಿವಾಟಿನ ಮೇಲೆ, ಇಲ್ಲವೇ ಮೀಟರಲ್ಲಿ ಬಂದ ಯುನಿಟ್ಟಿನ ಮೇಲೆ ಕೇಳಿ. ಲಾಭ ಪುಸ್ತಕದಲ್ಲಿ ಕರಗುತ್ತೆ, ಮೀಟರಿನ ಅಂಕಿ ಕರಗಲ್ಲ.

ಗಾಳಿಗುಡ್ಡ
1% ಅಂದ್ರೆ ನನ್ನ ತಕರಾರಿಲ್ಲ. ಆದರೆ ಅದು ಟೆಂಡರ್ ಹಂತದಲ್ಲೇ ಸರ್ಕಾರದ ನೀತಿಯಲ್ಲಿ ಬರಬೇಕು, ಎಲ್ರಿಗೂ ಒಂದೇ ನಿಯಮ. ಪಂಚಾಯ್ತಿಗೊಂದು ದರ ಅಂದ್ರೆ ಸಹಿಗೊಂದು ದರ ಅನ್ನೋ ಹಾಗಾಗುತ್ತೆ.

ಹಿನ್ನೀರು
1% ಅಂತ ಚರ್ಚೆ ಮಾಡ್ತಿದ್ದೀರಿ. ಲಿಂಗನಮಕ್ಕಿಗೆ 60 ವರ್ಷ ದಾಟಿತು, ಜಮೀನು ಬಿಟ್ಟು ಬಂದ ಶರಾವತಿ ಸಂತ್ರಸ್ತರ ಹಕ್ಕುಪತ್ರದ ಗೊಂದಲ ಇನ್ನೂ ಬಗೆಹರಿದಿಲ್ಲ. ರಾಜ್ಯಕ್ಕೆ ಬೆಳಕು ಕೊಟ್ಟ ಜಿಲ್ಲೆಗೆ ಬಂದದ್ದೇನು? ಅಡಿಕೆಗೆ ಎಲೆಚುಕ್ಕೆ ರೋಗ ಬೇರೆ. ಇಲ್ಲಿ ಯಾರ ಭರವಸೆಯನ್ನೂ ಜನ ಸುಲಭಕ್ಕೆ ನಂಬಲ್ಲ, ಅದಕ್ಕೆ ಕಾರಣ ಇದೆ.

ಕಾನು_ಬೆಟ್ಟ
ಅದಕ್ಕೇ ಈ ಸಲ ಭರವಸೆ ಕಾಗದದಲ್ಲಿ ಇರಬೇಕು ಅನ್ನೋದು. ಎಲೆಚುಕ್ಕೆಗೆ ಬೇರೆ ಚರ್ಚೆ ತೆರೀರಿ, ಬರ್ತೀವಿ.

ಇನ್ನೊಂದು ವಿಷಯ. ಗ್ರಾಮಸಭೆ ಅಂತ ಎಲ್ರೂ ಒಂದೇ ಪದ ಬಳಸ್ತಿದ್ದೀವಿ, ಇರೋದು ಎರಡು. ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆಗೆ ಕೋರಂ ಹತ್ತರಲ್ಲಿ ಒಂದು ಭಾಗ ಮತದಾರರು ಅಥವಾ 100 ಜನ, ಯಾವುದು ಕಡಿಮೆಯೋ ಅದು. 2006ರ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆಗೆ 2012ರ ತಿದ್ದುಪಡಿ ನಂತರ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನ ಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅರಣ್ಯ ಜಮೀನಿಗೆ ಬೇಕಾಗಿರೋದು ಈ ಎರಡನೇದು, ಅದೂ ಅರಣ್ಯ ಹಕ್ಕು ಅರ್ಜಿಗಳು ಇತ್ಯರ್ಥ ಆದ ಮೇಲೆ. ಮಲೆನಾಡಿನಲ್ಲಿ 75 ವರ್ಷದ ದಾಖಲೆ ಇಲ್ಲ ಅಂತ ಇತರೆ ಪಾರಂಪರಿಕ ಅರಣ್ಯವಾಸಿಗಳ ಎಷ್ಟೋ ಅರ್ಜಿ ತಿರಸ್ಕಾರವಾಗಿವೆ, ಮೇಲ್ಮನವಿ ಬಾಕಿ ಇರೋರೂ ಇದ್ದಾರೆ. ಅವರ ಪಟ್ಟಿ ಇಟ್ಕೊಳ್ಳಿ.

ಮೊದಲನೇ ಸಭೆಯ ನಡವಳಿ ಪುಸ್ತಕ ತೋರಿಸಿ ಎರಡನೇದರ ಕೆಲಸ ಮುಗಿಸಿದ್ದಾರಾ ಅಂತ ನೋಡೋದು ಸುಲಭ: ಹಾಜರಿ ಪುಟದಲ್ಲಿ ಸಹಿ ಎಣಿಸಿ, ಮತದಾರರ ಪಟ್ಟಿ ಪಕ್ಕ ಇಡಿ.

ಪಹಣಿ_ಪುಟ
ಜಮೀನು ಗುತ್ತಿಗೆಗೆ ಕೊಡೋರಿಗೆ ನಾಲ್ಕು ಮಾತು. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬರೆದುಕೊಡಬೇಡಿ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ನೋಂದಣಿ ಆಗ್ಲೇಬೇಕು, ಆದಮೇಲೆ ‘ಕಾವೇರಿ’ ನೋಂದಣಿ ಜಾಲತಾಣದಲ್ಲಿ ಇಸಿ (ಋಣಭಾರ ಪತ್ರ) ತೆಗೆದು ನೋಡಿ. ಗುತ್ತಿಗೆ ಹಕ್ಕನ್ನ ಬ್ಯಾಂಕಿಗೆ ಅಡ ಇಡಬಹುದು ಅಂತ ಇದ್ರೆ ಪರವಾಗಿಲ್ಲ, ಜಮೀನನ್ನೇ ಅಡ ಇಡಬಹುದು ಅನ್ನೋ ಅರ್ಥ ಬರೋ ಸಾಲಿದ್ರೆ ಸಹಿ ಹಾಕಬೇಡಿ. ಬಾಡಿಗೆ ಏರಿಕೆ ಬರೆಸಿ: ವರ್ಷಕ್ಕೆ 30,000 ಅಂತ ಹಾಗೇ ಬಿಟ್ರೆ 25ನೇ ವರ್ಷವೂ ಅಷ್ಟೇ, ವರ್ಷಕ್ಕೆ 5% ಏರಿಕೆ ಇದ್ರೆ ಆಗ 96,000 ದಾಟುತ್ತೆ.

ಪರಿಶಿಷ್ಟರಿಗೆ ಮಂಜೂರಾದ ಜಮೀನಾದ್ರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮುಟ್ಟೋ ಹಾಗಿಲ್ಲ. ಹೈಟೆನ್ಷನ್ ಟವರ್ ಬರೋದಾದ್ರೆ ಕೇಂದ್ರ ಇಂಧನ ಸಚಿವಾಲಯದ 2024ರ ಜೂನ್ ಮಾರ್ಗಸೂಚಿಯಲ್ಲಿ ಟವರ್ ಬುಡದ ಜಾಗಕ್ಕೆ ಜಮೀನಿನ ಬೆಲೆಯ 200%, ತಂತಿ ಕೆಳಗಿನ ಪಟ್ಟಿಗೆ 30% ಅಂತಿದೆ. ಅದು ರಾಜ್ಯ ಒಪ್ಪಿ ಆದೇಶ ಮಾಡಿದ್ರೆ ಮಾತ್ರ ಕೈಗೆ ಬರೋದು, ಹಾಗಾಗಿ ಡಿಸಿ ಕಚೇರಿಯಲ್ಲಿ ಜಾರಿಯಲ್ಲಿರೋ ಆದೇಶದ ಪ್ರತಿ ಕೇಳಿ ತಗೊಳ್ಳಿ.

25 ವರ್ಷ ಕಳೆದ ಮೇಲೆ ಯಂತ್ರ ಬಿಚ್ಚೋರು ಯಾರು? ಕಂಪನಿ ಅಷ್ಟೊತ್ತಿಗೆ ಕೈ ಬದಲಾಗಿರುತ್ತೆ. ಬಿಚ್ಚೋ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ ಈಗಲೇ ತಗೊಳ್ಳಿ, ಕಾಂಕ್ರೀಟನ್ನ ನೆಲಮಟ್ಟದಿಂದ ಕನಿಷ್ಠ ಒಂದು ಮೀಟರ್ ಆಳದವರೆಗೆ ತೆಗೆದು ಮಣ್ಣು ಮುಚ್ಚಬೇಕು ಅಂತ ಬರೆಸಿ.

ಅಳತೆಪುಸ್ತಕ
ಮೂರನೇ ಪ್ರಶ್ನೆಗೆ ಯಾರೂ ಬರಲಿಲ್ಲ. ದುಡ್ಡು ಬಂದ ಮೇಲೆ ಎಲ್ಲಿ ಸೋರುತ್ತೆ ಅಂತ.

ಕಂಪನಿ ತಾನೇ ಗುತ್ತಿಗೆದಾರನನ್ನ ಇಟ್ಟು ಕೆಲಸ ಮಾಡಿಸಿದ್ರೆ ಊರಿನ ಕೈಗೆ ಯಾವ ಕಾಗದವೂ ಸಿಗಲ್ಲ, ನಾಮಫಲಕ ಒಂದು ಬಿಟ್ಟು. ಹಣ ಪಂಚಾಯ್ತಿ ಖಾತೆಗೆ ಬಂದ್ರೆ ಅಂದಾಜು ಪಟ್ಟಿ, ಕ್ರಿಯಾ ಯೋಜನೆ, ಟೆಂಡರ್, ಅಳತೆ ಪುಸ್ತಕ, ಬಿಲ್ಲು, ಆಡಿಟ್ ಎಲ್ಲ ಹುಟ್ಟುತ್ತೆ. ಎಲ್ಲವೂ ಮಾಹಿತಿ ಹಕ್ಕಿನಡಿ ಸಿಗುತ್ತೆ. ಹಾಗಾಗಿ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ನಗದು ಪುಸ್ತಕ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳೋದು. ತುಂಡು ಗುತ್ತಿಗೆ ಆಗದ ಹಾಗೆ ನೋಡಬೇಕು: ಒಂದೇ ರಸ್ತೆಯನ್ನ ನಾಲ್ಕು ತುಂಡು ಮಾಡಿ ಟೆಂಡರ್ ಮಿತಿಯ ಕೆಳಗೆ ತರೋದು ಹಳೇ ಚಾಳಿ. ಟೆಂಡರ್ ಕಾಯ್ದೆಯ 4(ಜಿ) ವಿನಾಯಿತಿ ಅಂತ ಟೆಂಡರ್ ಇಲ್ಲದೆ ಕೊಟ್ಟಿದ್ರೆ ಆ ಆದೇಶದ ಪ್ರತಿ ಕೇಳಿ.

ಅಳತೆ ಪುಸ್ತಕ, ಎಂಬಿ ಅಂತಾರಲ್ಲ, ಅದನ್ನ ಓದೋದು ಕಷ್ಟ ಏನಿಲ್ಲ. ಕೆಲಸದ ಹೆಸರು, ಸಂಖ್ಯೆ, ಉದ್ದ, ಅಗಲ, ದಪ್ಪ, ಕೊನೇ ಕಾಲಂನಲ್ಲಿ ಪ್ರಮಾಣ. ಕಾಂಕ್ರೀಟ್ ರಸ್ತೆ 100 ಮೀಟರ್ ಉದ್ದ, 3 ಮೀಟರ್ ಅಗಲ, 0.15 ದಪ್ಪ ಅಂತ ಬರೆದಿದ್ರೆ 45 ಘನ ಮೀಟರ್. ಎಂ20 ಮಿಶ್ರಣ ಸ್ಥಳದಲ್ಲೇ ಕಲಸಿದ್ರೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್, ಒಟ್ಟು 360 ಚೀಲ. ಆ ದಿನ ಎಷ್ಟು ಚೀಲ ಇಳಿದಿತ್ತು ಅಂತ ಊರಿಗೆ ಗೊತ್ತಿರುತ್ತೆ. ಉದ್ದ ಅಗಲ ಟೇಪಲ್ಲಿ ಸಿಗುತ್ತೆ. ದಪ್ಪದಲ್ಲೇ ಮೋಸ ಆಗೋದು: ಎರಡು ಅಂಚಿಗೆ ಮಾತ್ರ 15 ಸೆಂಟಿಮೀಟರ್, ನಡುವೆ ಮಣ್ಣು ಏರಿಸಿ 8-9. ಕೆಲಸ ನಡೀವಾಗ, ಕಾಂಕ್ರೀಟ್ ಸುರಿಯೋ ಮುಂಚೆ, ಎರಡು ಪಕ್ಕದ ಹಲಗೆ ಮೇಲೆ ದಾರ ಎಳೆದು ನಡುವೆ ಅಳೆದು ಫೋಟೋ ಇಟ್ಕೊಳ್ಳಿ. ಮುಗಿದ ಮೇಲೆ ಕೋರ್ ಕಟಿಂಗ್ (ಕಾಂಕ್ರೀಟ್ ಕೊರೆದು ದಪ್ಪ ನೋಡೋದು) ಮಾಡಿಸೋಕೆ ಖರ್ಚು, ಅಲೆದಾಟ ಎರಡೂ ಜಾಸ್ತಿ.

ಇನ್ನೊಂದು: ಒಂದೇ ಕೆಲಸಕ್ಕೆ ಎರಡು ಬಿಲ್. ಶಾಲಾ ಕೊಠಡಿಗೆ ಕಂಪನಿ ದುಡ್ಡೂ ಹೋಗಿರುತ್ತೆ, ಹಣಕಾಸು ಆಯೋಗದ ಅನುದಾನದಲ್ಲೂ ಅದೇ ಕೊಠಡಿ ಇರುತ್ತೆ. ಇ-ಗ್ರಾಮಸ್ವರಾಜ್ ಮತ್ತು ಪಂಚತಂತ್ರ ಜಾಲತಾಣಗಳಲ್ಲಿ ಪಂಚಾಯ್ತಿಯ ಕಾಮಗಾರಿ ಪಟ್ಟಿ ತೆಗೆದು ಕಂಪನಿ ವರದಿ ಪಕ್ಕ ಇಟ್ಟು ನೋಡಿ.

ಸೋಗೆ_ಮನೆ
ನಮ್ಮಂಥ ಸ್ತ್ರೀಶಕ್ತಿ ಸಂಘದವರಿಗೆ ಈ ಎಂಬಿ ನೋಡೋಕೆ ಕೊಡ್ತಾರಾ? ಕೇಳಿದ್ರೆ ಜೆಇ ಹತ್ರ ಇದೆ ಅಂತಾರೆ.

ಅಳತೆಪುಸ್ತಕ
ಕೊಡಲೇಬೇಕು ಅಕ್ಕಾ. ಮಾಹಿತಿ ಹಕ್ಕು ಅರ್ಜಿ ಹಾಕಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆಗೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನ ಮರೆತು ಎಲ್ಲ ಒಂದರಲ್ಲೇ ಬರೆದ್ರೆ ವಾಪಸ್ ಬರುತ್ತೆ. ಕಾರಣ, ಕಥೆ ಬರೀಬೇಡಿ. ‘ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟ, ಪಾವತಿ ಬಿಲ್ಲಿನ ದೃಢೀಕೃತ ಪ್ರತಿ’ ಅಷ್ಟೇ. 30 ದಿನ ಕಾಯಿರಿ. ಬರದಿದ್ರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದಲ್ಲಿ ತಡವಾಗುತ್ತೆ, ಆದರೆ ಮೊದಲ ಮೇಲ್ಮನವಿಯಲ್ಲೇ ಕೊಟ್ಟುಬಿಡೋದೂ ಉಂಟು.

ಲೆಕ್ಕಪತ್ರ
ಕ್ರೆಡಲ್‌ಗೆ (ಯೋಜನೆ ಹಂಚೋ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ) ಬೇರೆ ಅರ್ಜಿ ಹಾಕಿ: ಹಂಚಿಕೆ ಆದೇಶ, ಎಷ್ಟು ಮೆಗಾವ್ಯಾಟ್, ಯಾವ ಸರ್ವೆ ನಂಬರ್, ಯಾವ ಷರತ್ತು. ವ್ಯಾಪಾರ ಗುಟ್ಟು ಅಂತ ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ತೋರಿಸಿ ನಿರಾಕರಿಸಬಹುದು. ಆದರೆ ಹಂಚಿಕೆ ಆದೇಶ ಸರ್ಕಾರಿ ಸಂಸ್ಥೆಯೇ ಹೊರಡಿಸಿದ್ದು. ಆ ಪ್ರಕರಣದಲ್ಲೇ ಸಾರ್ವಜನಿಕ ಹಿತ ದೊಡ್ಡದಾದ್ರೆ ಕೊಡಬಹುದು ಅಂತಿದೆ, ಮೇಲ್ಮನವಿಯಲ್ಲಿ ಅದನ್ನೇ ಎತ್ತಿ.

ಬ್ಯಾಣದಂಚು
ಎಲ್ರಿಗೂ ಧನ್ಯವಾದ. ಕೊನೇದಾಗಿ ಒಂದು. ಈ ಷರತ್ತುಗಳನ್ನ ಠರಾವಿನಲ್ಲಿ ಹೇಗೆ ಸೇರಿಸಬೇಕು? ಎನ್‌ಒಸಿ ಅಂದ್ರೆ ಕೊಡೋದು, ಇಲ್ಲಾ ಬಿಡೋದು ಅಂತ ಸದಸ್ಯರು ಅಂದ್ಕೊಂಡಿರ್ತಾರೆ.

ಅಳತೆಪುಸ್ತಕ
ಷರತ್ತುಬದ್ಧ ಅನುಮತಿ ಕೊಡಬಹುದು. ಪಂಚಾಯತ್ ರಾಜ್ ಕಾಯ್ದೆಯಲ್ಲಿ ಕಟ್ಟಡಕ್ಕೆ 64, ಯಂತ್ರ ಸ್ಥಾಪನೆಗೆ 66ನೇ ಪ್ರಕರಣ ನೋಡಿ, ಕೃಷಿಯೇತರ ಜಮೀನು ಮತ್ತು ಕಟ್ಟಡದ ತೆರಿಗೆಗೆ 199. ಅಧ್ಯಕ್ಷರ ಲೆಟರ್‌ಹೆಡ್ಡಿನ ಪತ್ರ ಎನ್‌ಒಸಿ ಅಲ್ಲ, ಸಭೆಯ ಠರಾವು ಸಂಖ್ಯೆ ಇರಬೇಕು. ಠರಾವಿನ ಒಕ್ಕಣೆ ಹೀಗಿರಲಿ: ‘ಲಗತ್ತು 1ರ ಸ್ಥಳಗಳಲ್ಲಿ ಮಾತ್ರ, ಲಗತ್ತು 2ರ ರಸ್ತೆ ಮತ್ತು ಮಣ್ಣು ವಿಲೇವಾರಿ ನಕ್ಷೆಯಂತೆ ಮಾತ್ರ, ಲಗತ್ತು 3ರ ಜಲಮೂಲಗಳಿಗೆ ಧಕ್ಕೆಯಾದಲ್ಲಿ ಕಂಪನಿಯೇ ಪರ್ಯಾಯ ನೀರು ಒದಗಿಸತಕ್ಕದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಕೆಲಸ ಮಾಡತಕ್ಕದ್ದಲ್ಲ. ಸ್ಥಳ ಅಥವಾ ಕಂಪನಿ ಬದಲಾದಲ್ಲಿ ಈ ಅನುಮತಿ ಅನೂರ್ಜಿತ’. ಪ್ರತಿ ತಾಪಂ ಇಒ, ಜಿಪಂ ಸಿಇಒ, ತಹಶೀಲ್ದಾರ್, ಡಿಸಿಎಫ್, ಕ್ರೆಡಲ್ ಐದೂ ಕಡೆ ರಿಜಿಸ್ಟರ್ಡ್ ಅಂಚೆಯಲ್ಲಿ.

ಗಾಳಿಗುಡ್ಡ
ಮಳೆಗಾಲದ ಷರತ್ತು ಹಾಕಿದ್ರೆ ಕೆಲಸಕ್ಕೆ ಎಂಟೇ ತಿಂಗಳು ಸಿಗುತ್ತೆ. ಆದರೂ ಸರಿ, ಮಳೆಯಲ್ಲಿ ಅಲ್ಲಿ ಕ್ರೇನ್ ಏರಿಸೋದೂ ಅಪಾಯವೇ. ಇಷ್ಟು ಸ್ಪಷ್ಟ ಇದ್ರೆ ಒಳ್ಳೇ ಕಂಪನಿಗೂ ಅನುಕೂಲ, ಆಮೇಲೆ ದಿನಕ್ಕೊಬ್ಬರು ಬಂದು ಕೆಲಸ ನಿಲ್ಲಿಸಲ್ಲ.

ಕಾನು_ಬೆಟ್ಟ
ಲಗತ್ತು 4 ಅಂತ ಜನತಾ ಜೀವವೈವಿಧ್ಯ ದಾಖಲಾತಿ ಸೇರಿಸಿ. ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಪುಸ್ತಕ ಪಿಡಿಒ ಕಪಾಟಿನಲ್ಲಿರುತ್ತೆ. ಮಹಾರಾಷ್ಟ್ರದ ಸಹ್ಯಾದ್ರಿಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಐಐಎಸ್‌ಸಿ ಸಂಶೋಧಕರು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯ್ತು. ಗಾಳಿಯಂತ್ರ ಇರೋ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ, ಅವು ತಿನ್ನೋ ಹಲ್ಲಿಗಳು ಹೆಚ್ಚು ಅಂತ ಕಂಡುಬಂತು. ನಮ್ಮ ಗುಡ್ಡದ ಮೇಲೆ ಯಾವ ಹದ್ದು, ಯಾವ ಗಿಡುಗ ಹಾರುತ್ತೆ ಅಂತ ಮುಂಚೆಯೇ ಬರೆದಿಟ್ಟಿರದಿದ್ರೆ ಆಮೇಲೆ ಹೋಲಿಸೋಕೆ ಏನೂ ಇರಲ್ಲ.

ಸೋಗೆ_ಮನೆ
ಠರಾವು ಓದುವಾಗ ಕನ್ನಡದಲ್ಲಿ, ಮೈಕಲ್ಲಿ, ಲಗತ್ತು ಸಮೇತ ಓದಬೇಕು ಅಂತಲೂ ಸೇರಿಸಿ. ಹಾಜರಿ ಪುಸ್ತಕಕ್ಕೆ ಸಹಿ ಸಭೆ ಮುಗಿದ ಮೇಲೆ, ಮುಂಚೆ ಅಲ್ಲ.

ಅಳತೆಪುಸ್ತಕ
ಸರಿ. ಸಹಿ ಮಾಡೋ ಪುಟದ ತಲೆಯಲ್ಲಿ ವಿಷಯ ಬರೆದಿರಬೇಕು, ಸಾಲುಗಳ ನಡುವೆ ಖಾಲಿ ಜಾಗ ಬಿಟ್ಟಿದ್ರೆ ಗೆರೆ ಎಳೆಸಿ. ಹೊರಡೋ ಮುಂಚೆ ಆ ಪುಟದ ಫೋಟೋ ನಾಲ್ಕು ಜನರ ಮೊಬೈಲಲ್ಲಿ ಇರಲಿ.